ಹೊತ್ತು ಯಾರ ಸೊತ್ತು?

ಕನ್ನಡದಲ್ಲಿ ಸೂರ್ಯನಿಗೂ ಸಮಯಕ್ಕೂ ಒಂದೇ ಮಾತು: ಹೊತ್ತು. ಹೊತ್ತು ಮೂಡುತ್ತದೆ, ಹೊತ್ತು ಏರುತ್ತದೆ, ಹೊತ್ತು ಮುಳುಗುತ್ತದೆ. ಉಣ್ಣುವುದು, ದುಡಿಯುವುದು, ಮಲಗುವುದು ಎಲ್ಲವೂ ಆಕಾಶ ನೋಡಿಕೊಂಡು ನಡೆಯುತ್ತಿದ್ದ ಕಾಲದ ಗುರುತು ಆ ಮಾತಿನಲ್ಲಿ ಉಳಿದಿದೆ. ಇವತ್ತು ನಮ್ಮ ಬಾಯಿಗೆ ಅದಕ್ಕಿಂತ ಹೆಚ್ಚು ಸಲ ಬರುವುದು ಪಾರಸಿಯಿಂದ ಬಂದ ಇನ್ನೊಂದು ಮಾತು, ಪುರುಸೊತ್ತು. ಅದು ಒಂಟಿಯಾಗಿ ಬರುವುದು ಅಪರೂಪ. ‘ಇಲ್ಲ’ ಎಂಬ ಬಾಲ ಕಟ್ಟಿಕೊಂಡೇ ಬರುತ್ತದೆ. ಮಗುವಿಗೆ ಕಥೆ ಹೇಳಲು ಪುರುಸೊತ್ತಿಲ್ಲ, ಊರಲ್ಲಿರುವ ಅಪ್ಪನ ಜೊತೆ ಹತ್ತು ನಿಮಿಷ ಮಾತಾಡಲು ಪುರುಸೊತ್ತಿಲ್ಲ, ಡಾಕ್ಟರ ಹತ್ತಿರ ಹೋಗಲೂ ಪುರುಸೊತ್ತಿಲ್ಲ.

ಭಾರತೀಯರ ಸರಾಸರಿ ಆಯುಷ್ಯ ಈಗ ಸುಮಾರು 70 ವರ್ಷ. ದಿನಗಳಲ್ಲಿ ಎಣಿಸಿದರೆ 25,500ಕ್ಕೆ ಸ್ವಲ್ಪ ಮೇಲೆ. ವಾರಗಳಲ್ಲಿ ಸುಮಾರು 3,650. ಅದರಲ್ಲಿ ಮೂರನೆಯ ಒಂದು ಪಾಲು ನಿದ್ದೆಗೆ ಹೋಗುತ್ತದೆ. ಎಪ್ಪತ್ತರ ಲೆಕ್ಕವನ್ನೇ ಹಿಡಿದರೆ, ನಲವತ್ತು ತುಂಬಿದವರ ಮುಂದಿರುವುದು 1,560ರಷ್ಟು ಭಾನುವಾರಗಳು. ಈ ಲೆಕ್ಕ ಯಾರನ್ನೂ ಹೆದರಿಸಲು ಅಲ್ಲ. ಕೈಯಲ್ಲಿ ಎಷ್ಟಿದೆ ಎಂದು ಗೊತ್ತಿಲ್ಲದೆ ಯಾವ ಮನೆಯ ಖರ್ಚೂ ನೇರವಾಗಿ ನಡೆಯುವುದಿಲ್ಲ.

ಇರುವ ಹೊತ್ತನ್ನು ಯಾವುದಕ್ಕೆ ಕೊಡಬೇಕು ಎಂಬ ಪ್ರಶ್ನೆಯನ್ನು ತತ್ತ್ವಜ್ಞಾನಿಗಳು, ಶರಣರು, ಕಾರ್ಮಿಕ ಸಂಘಟನೆಗಳು, ಅರ್ಥಶಾಸ್ತ್ರಜ್ಞರು, ಮನಶ್ಶಾಸ್ತ್ರಜ್ಞರು ಬೇರೆ ಬೇರೆ ದಿಕ್ಕಿನಿಂದ ಕೇಳಿದ್ದಾರೆ. ಅವರ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು: ಸಮಯದ ಬೆಲೆ ಎಂಬುದನ್ನು ನಾವು ಬಹಳ ದಿನದಿಂದ ಒಬ್ಬೊಬ್ಬರ ಶಿಸ್ತಿನ ವಿಷಯವೆಂದೇ ತಿಳಿದಿದ್ದೇವೆ. ಅದು ನ್ಯಾಯದ ವಿಷಯವೂ ಹೌದು. ಒಬ್ಬರಿಗೆ ಸಿಕ್ಕ ಪುರುಸೊತ್ತು ಎಷ್ಟೋ ಸಲ ಇನ್ನೊಬ್ಬರ ಹೊತ್ತಿನಿಂದ ಕಿತ್ತು ಕೊಟ್ಟದ್ದಾಗಿರುತ್ತದೆ.

ಹಿರಿಯರ ಎರಡು ಲೆಕ್ಕ

ರೋಮಿನ ಸೆನೆಕ ಸುಮಾರು ಕ್ರಿ.ಶ. 49ರಲ್ಲಿ ಬದುಕಿನ ಅಲ್ಪಾಯುಷ್ಯದ ಕುರಿತು ಒಂದು ಪ್ರಬಂಧ ಬರೆದ. ಅದನ್ನು ಉದ್ದೇಶಿಸಿದ್ದು ಪೌಲಿನಸ್‌ಗೆ. ಇಡೀ ರೋಮಿನ ಧಾನ್ಯ ಸರಬರಾಜನ್ನು ನೋಡಿಕೊಳ್ಳುತ್ತಿದ್ದ, ಒಂದು ಗಳಿಗೆ ಬಿಡುವಿಲ್ಲದ ಅಧಿಕಾರಿ ಆತ. ಆಯುಷ್ಯ ಚಿಕ್ಕದೆಂದು ಗೊಣಗುವವರು ಅದನ್ನು ಪೋಲು ಮಾಡಿ ಚಿಕ್ಕದಾಗಿಸಿಕೊಂಡಿದ್ದಾರೆ ಎಂಬುದು ಸೆನೆಕನ ವಾದ. ಹೊಲದ ಬದುವಿಗಾಗಿ ಜಗಳಕ್ಕೆ ನಿಲ್ಲುವ ಮನುಷ್ಯ ತನ್ನ ದಿನಗಳೊಳಗೆ ಯಾರು ನುಗ್ಗಿದರೂ ಸುಮ್ಮನಿರುತ್ತಾನೆ ಎಂಬುದು ಅವನ ಅಚ್ಚರಿ. ಎರಡು ಸಾವಿರ ವರ್ಷವಾದರೂ ಈ ಮಾತು ಹಳತಾಗಿಲ್ಲ.

ನಮ್ಮ ನೆಲದ ಲೆಕ್ಕ ಇನ್ನೊಂದು ಬಗೆಯದು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಗಳಿಗೆ ಬಟ್ಟಲು ನೀರಿನಲ್ಲಿ ತೇಲುತ್ತ ತುಂಬಿ ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ. ದಿನಕ್ಕೆ ಅಂಥ 60. ಎರಡು ಗಳಿಗೆ ಸೇರಿದರೆ ಒಂದು ಮುಹೂರ್ತ. ಆದರೆ ನಮ್ಮ ರೈತ ಸಮಯವನ್ನು ಅಳೆದದ್ದಕ್ಕಿಂತ ಹೆಚ್ಚಾಗಿ ಅದರ ಹದ ನೋಡಿದ. ಮಣ್ಣಿನ ಹದ, ಮಳೆ ನಕ್ಷತ್ರದ ಹದ. ರೋಹಿಣಿಯಲ್ಲಿ ಬಿತ್ತಬೇಕಾದ್ದನ್ನು ತಿಂಗಳು ಕಳೆದು ಬಿತ್ತಿದರೆ ದುಡಿಮೆ ಅಷ್ಟೇ ಆದರೂ ಕೊಯ್ಲು ಅಷ್ಟಾಗುವುದಿಲ್ಲ. ಸೆನೆಕ ಹೇಳಿದ್ದು ಸಮಯದ ಅಳತೆಯ ಮಾತು; ನಮ್ಮ ಹೊಲ ಹೇಳಿಕೊಟ್ಟದ್ದು ಹದದ ಮಾತು. ಬದುಕಿಗೆ ಎರಡೂ ಬೇಕು.

ಹನ್ನೆರಡನೆಯ ಶತಮಾನದ ಶರಣರು ಇದಕ್ಕೆ ಮೂರನೆಯ ಮಾತೊಂದನ್ನು ಸೇರಿಸಿದರು. ಆಯ್ದಕ್ಕಿ ಲಕ್ಕಮ್ಮ ಮತ್ತು ಮಾರಯ್ಯನ ಕಥೆ ನಮಗೆಲ್ಲ ಗೊತ್ತು. ಅನುಭಾವದ ಮಾತಿನಲ್ಲಿ ಮೈಮರೆತ ಗಂಡನಿಗೆ ಕಾಯಕದ ಹೊತ್ತು ಮೀರುತ್ತಿದೆ ಎಂದು ಲಕ್ಕಮ್ಮ ನೆನಪಿಸುತ್ತಾಳೆ. ಅದೇ ಗಂಡ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ವಾಪಸು ಕಳಿಸುತ್ತಾಳೆ. ದುಡಿಮೆ ತಪ್ಪಿಸಿದ್ದೂ ತಪ್ಪು, ಸಾಕೆನ್ನದೆ ದುಡಿದದ್ದೂ ತಪ್ಪು. ಕಾಯಕವೇ ಕೈಲಾಸ ಎಂದು ಗೋಡೆಯ ಮೇಲೆ ಬರೆಸುವವರು ಈ ಕಥೆಯ ಮೊದಲ ಅರ್ಧವನ್ನಷ್ಟೇ ಹೇಳುತ್ತಾರೆ.

ಗಡಿಯಾರ ಬಂದ ಮೇಲೆ

ದುಡಿಮೆಯನ್ನು ಗಂಟೆಗಳಲ್ಲಿ ಕೊಂಡು ಮಾರುವ ಪದ್ಧತಿ ಕಾರ್ಖಾನೆಗಳ ಜೊತೆಗೆ ಬಲಿಯಿತು. ಇತಿಹಾಸಕಾರ ಇ.ಪಿ. ಥಾಂಪ್ಸನ್ 1967ರ ಪ್ರಸಿದ್ಧ ಲೇಖನವೊಂದರಲ್ಲಿ ಈ ಪಲ್ಲಟವನ್ನು ವಿವರಿಸಿದ್ದಾರೆ: ಕೆಲಸ ಮುಗಿಯುವವರೆಗೆ ದುಡಿಯುತ್ತಿದ್ದ ಜನ, ಸೈರನ್ ಕೂಗುವವರೆಗೆ ದುಡಿಯುವುದನ್ನು ಕಲಿಯಬೇಕಾಯಿತು. ಕರ್ನಾಟಕಕ್ಕೂ ಈ ಗಡಿಯಾರದ ಕಥೆಯಲ್ಲಿ ಪಾಲಿದೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸಲು ಆರಂಭಿಸಿತು; ಒಂದೆರಡು ತಲೆಮಾರಿಗೆ ಮದುವೆಯ ಉಡುಗೊರೆ ಎಂದರೆ ಎಚ್‌ಎಂಟಿ ವಾಚು ಎನ್ನುವಷ್ಟು ಅದು ಮನೆಮಾತಾಯಿತು.

ಗಂಟೆಗೆ ಬೆಲೆ ಬಂದಾಗ ಗಂಟೆಗಾಗಿ ಹೋರಾಟವೂ ಬಂತು. ದುಡಿಮೆಗೆ ಎಂಟು ಗಂಟೆ, ಮನರಂಜನೆಗೆ ಎಂಟು, ವಿಶ್ರಾಂತಿಗೆ ಎಂಟು ಎಂಬ ಬೇಡಿಕೆಯನ್ನು 1817ರಲ್ಲಿ ರಾಬರ್ಟ್ ಓವೆನ್ ಮುಂದಿಟ್ಟರು. 1886ರ ಮೇ ತಿಂಗಳಲ್ಲಿ ಶಿಕಾಗೋದ ಕಾರ್ಮಿಕರು ಅದಕ್ಕಾಗಿ ಪ್ರಾಣ ತೆತ್ತರು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ತನ್ನ ಮೊದಲನೆಯ ಒಡಂಬಡಿಕೆಯನ್ನೇ ದಿನಕ್ಕೆ 8, ವಾರಕ್ಕೆ 48 ಗಂಟೆಯ ಮಿತಿಗಾಗಿ ರೂಪಿಸಿತು. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯ್ದೆ ಕೂಡ ವಾರಕ್ಕೆ 48 ಗಂಟೆ ಎಂದಿತು. ಅರ್ಥಶಾಸ್ತ್ರಜ್ಞ ಕೇನ್ಸ್ 1930ರಲ್ಲಿ ಇನ್ನೂ ಮುಂದೆ ಹೋಗಿ, ನೂರು ವರ್ಷದೊಳಗೆ ಮನುಷ್ಯರಿಗೆ ವಾರಕ್ಕೆ 15 ಗಂಟೆಯ ದುಡಿಮೆ ಸಾಕಾಗಬಹುದು ಎಂದು ಅಂದಾಜಿಸಿದರು.

ಆ ನೂರು ವರ್ಷ ತುಂಬುತ್ತ ಬಂದಿದೆ. ಮಾತು ಮಾತ್ರ ತಿರುಗು ದಾರಿ ಹಿಡಿದಿದೆ. 2023ರಲ್ಲಿ ಕರ್ನಾಟಕದ ತಿದ್ದುಪಡಿ ವಾರದ 48 ಗಂಟೆಯ ಮಿತಿಯನ್ನು ಉಳಿಸಿಕೊಂಡೇ ಕಾರ್ಖಾನೆಯ ದಿನವನ್ನು 12 ಗಂಟೆಯವರೆಗೆ ಚಾಚಲು ಅವಕಾಶ ಕೊಟ್ಟಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಇನ್ಫೊಸಿಸ್‌ನ ಎನ್.ಆರ್. ನಾರಾಯಣಮೂರ್ತಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಮುಖ್ಯಸ್ಥರ 90 ಗಂಟೆಯ ಮಾತು ಬಂತು.

ದೇಶ ಕಟ್ಟುವ ಹಂಬಲವನ್ನು ನಾನು ಅನುಮಾನಿಸುವುದಿಲ್ಲ. ಆದರೆ ಲೆಕ್ಕ ಹಾಕೋಣ. ವಾರಕ್ಕೆ 70 ಗಂಟೆ ಎಂದರೆ ಆರು ದಿನ, ದಿನಕ್ಕೆ 11 ಗಂಟೆ 40 ನಿಮಿಷ. ಬೆಂಗಳೂರಿನ ಓಡಾಟಕ್ಕೆ ಒಂದೂವರೆ ಗಂಟೆ, ನಿದ್ದೆಗೆ ಏಳು ಗಂಟೆ. ಉಳಿಯುವುದು ನಾಲ್ಕು ಗಂಟೆಗೂ ಕಡಿಮೆ. ಅಷ್ಟರಲ್ಲೇ ಸ್ನಾನ, ಊಟ, ಮಗು, ಹಿರಿಯರು, ಓದು, ವ್ಯಾಯಾಮ ಎಲ್ಲ. ದೇಹ ಇದಕ್ಕೆ ಕೊಡುವ ಬೆಲೆಯ ಲೆಕ್ಕವೂ ಸಿಕ್ಕಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಪ್ರಕಟಿಸಿದ ಜಂಟಿ ಅಧ್ಯಯನದ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. ಅತಿ ದುಡಿಮೆಗೆ ತಳುಕು ಹಾಕಿಕೊಂಡ ಈ ಎರಡು ಕಾಯಿಲೆಗಳಿಂದ 2016ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸತ್ತವರು ಅಂದಾಜು 7,45,000 ಜನ.

ಲೆಕ್ಕಕ್ಕೆ ಬಾರದ ಗಂಟೆಗಳು

70 ಗಂಟೆ ದುಡಿಯುವವರ ಊಟವನ್ನು ಬೇಯಿಸುವವರು ಯಾರು? ಅವರ ಮಗುವಿಗೆ ಜ್ವರ ಬಂದರೆ ರಾತ್ರಿ ಎದ್ದು ಕೂರುವವರು ಯಾರು? ಸಮಯ ನಿರ್ವಹಣೆಯ ಪುಸ್ತಕಗಳಲ್ಲಿ ಈ ಪ್ರಶ್ನೆಗೆ ಜಾಗ ಸಿಗುವುದು ಅಪರೂಪ. ಉತ್ತರ ಬೇಕಾದರೆ ಸರ್ಕಾರದ ಅಂಕಿಅಂಶಗಳತ್ತ ಹೋಗಬೇಕು.

ಭಾರತದಲ್ಲಿ 1998–99ರಲ್ಲಿ ಆರು ರಾಜ್ಯಗಳಲ್ಲಿ ಪ್ರಾಯೋಗಿಕವಾಗಿ ಸಮಯ ಬಳಕೆಯ ಸಮೀಕ್ಷೆ ನಡೆಯಿತು. ಇಡೀ ದೇಶಕ್ಕೆ ಅನ್ವಯವಾಗುವ ಮೊದಲ ಸಮೀಕ್ಷೆಯನ್ನು ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ, ಎರಡನೆಯದನ್ನು 2024ರಲ್ಲಿ ನಡೆಸಿತು. ಆರು ವರ್ಷ ದಾಟಿದವರು ಹಿಂದಿನ ದಿನದ ಇಪ್ಪತ್ತನಾಲ್ಕು ಗಂಟೆಯನ್ನು ಹೇಗೆ ಕಳೆದರು ಎಂಬುದನ್ನು ಅರ್ಧರ್ಧ ಗಂಟೆಯ ತುಂಡುಗಳಲ್ಲಿ ಕೇಳಿ ಬರೆದುಕೊಳ್ಳುವ ಸಮೀಕ್ಷೆ ಇದು. 2019ರಲ್ಲಿ ಅಡುಗೆ, ಪಾತ್ರೆ, ಬಟ್ಟೆ, ಗುಡಿಸುವುದು ಮುಂತಾದ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ್ದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿದಿದ್ದರು, ಗಂಡಸರು 97 ನಿಮಿಷ. 2024ರಲ್ಲಿ ಅದು 289 ಮತ್ತು 88 ಆಯಿತು. ಐದು ವರ್ಷದಲ್ಲಿ ಹೆಂಗಸರಿಗೆ ಹತ್ತು ನಿಮಿಷ ಉಳಿಯಿತು. ಗಂಡಸರಿಗೂ ಒಂಬತ್ತು ನಿಮಿಷ ಉಳಿಯಿತು. ಅಂತರ ಇದ್ದಲ್ಲೇ ಇದೆ.

ಈ ಗಂಡಸರ ಸರಾಸರಿ ಮನೆಗೆಲಸಕ್ಕೆ ಕೈ ಹಾಕಿದವರದ್ದು ಮಾತ್ರ ಎಂಬುದನ್ನು ಮರೆಯಬಾರದು. 2019ರಲ್ಲಿ ದಿನವೊಂದರಲ್ಲಿ ಹಾಗೆ ಕೈ ಹಾಕಿದ ಗಂಡಸರು ಶೇ 26ರಷ್ಟು, ಹೆಂಗಸರು ಶೇ 81ರಷ್ಟು. ಅಂದರೆ ನಾಲ್ವರಲ್ಲಿ ಮೂವರು ಗಂಡಸರು ಆ ದಿನ ಒಂದು ಲೋಟ ಕೂಡ ತೊಳೆದಿರಲಿಲ್ಲ. ತೊಳೆದವರ ನಡುವೆಯೇ 2024ರಲ್ಲಿ ದಿನಕ್ಕೆ 201 ನಿಮಿಷದ ಅಂತರ. ವರ್ಷಕ್ಕೆ ಅದು 1,200 ಗಂಟೆ ದಾಟುತ್ತದೆ. ಎಂಟು ಗಂಟೆಯ ದುಡಿಮೆಯ ದಿನಗಳಾಗಿ ಎಣಿಸಿದರೆ 150 ದಿನಕ್ಕೂ ಹೆಚ್ಚು.

ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕೊನೆಗೆ ಮಲಗುವ ತಾಯಿಗೆ ‘ನಿನ್ನ ಸಮಯವನ್ನು ಮುಖ್ಯವಾದ ಕೆಲಸಕ್ಕೆ ಕೊಡು’ ಎಂದು ಉಪದೇಶ ಮಾಡುವುದು ಕ್ರೌರ್ಯ. ಅವಳ ಹೊತ್ತನ್ನು ಅವಳ ಕೈಗೆ ಮೊದಲು ಕೊಡಬೇಕು. ಅಡುಗೆ ಅನಿಲ, ಮನೆ ಬಾಗಿಲಿಗೆ ಬರುವ ನಲ್ಲಿ ನೀರು, ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ‘ಕೂಸಿನ ಮನೆ’ ಇವನ್ನೆಲ್ಲ ಸೌಲಭ್ಯಗಳೆಂದಷ್ಟೇ ನೋಡಬಾರದು. ಸೌದೆಗೆ, ನೀರಿಗೆ, ಕಾವಲಿಗೆ ಹೋಗುತ್ತಿದ್ದ ಗಂಟೆಗಳನ್ನು ಅವು ಹೆಣ್ಣಿಗೆ ಮರಳಿಸುತ್ತವೆ. ಮರಳಿದ ಗಂಟೆ ಮತ್ತೆ ಅಡುಗೆಮನೆಗೇ ಹೋಗದಂತೆ ನೋಡಿಕೊಳ್ಳುವುದು ಮನೆಯ ಗಂಡಸರ ಪಾಲಿನ ಕೆಲಸ.

ದಾರಿಯಲ್ಲಿ, ಸಾಲಿನಲ್ಲಿ

ನಗರವೂ ಹೊತ್ತನ್ನು ತಿನ್ನುತ್ತದೆ. ಟಾಮ್‌ಟಾಮ್ ಸಂಸ್ಥೆಯ ಲೆಕ್ಕದಂತೆ 2023ರಲ್ಲಿ ಬೆಂಗಳೂರಿನ ಮಧ್ಯಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 28 ನಿಮಿಷ 10 ಸೆಕೆಂಡು ಹಿಡಿಯುತ್ತಿತ್ತು. ಆ ವೇಗದಲ್ಲಿ ದಿನಾ 15 ಕಿ.ಮೀ. ಹೋಗಿ ಬರುವವರು ವರ್ಷದ 250 ಕೆಲಸದ ದಿನಗಳಲ್ಲಿ ರಸ್ತೆಗೆ ಕೊಡುವುದು 350 ಗಂಟೆ. ಎಂಟು ಗಂಟೆಯ 44 ದಿನಗಳಷ್ಟು ಆಯುಷ್ಯ ಸಿಗ್ನಲ್ಲಿನಲ್ಲಿ, ಬಸ್ಸಿನ ಸರಳಿಗೆ ಜೋತು ಕರಗುತ್ತದೆ. ಮೆಟ್ರೊ 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿ–ಎಂ.ಜಿ. ರಸ್ತೆ ನಡುವೆ ಓಡಲಾರಂಭಿಸಿದ ದಿನದಿಂದ ಅದರ ನಿಜವಾದ ಲಾಭವೆಂದರೆ ಪ್ರಯಾಣಿಕರ ಕೈಗೆ ಮರಳಿದ ನಿಮಿಷಗಳೇ.

ಕಚೇರಿಯ ಸಾಲಿನಲ್ಲಿ ಕಳೆದ ಸಮಯಕ್ಕೂ ಬೆಲೆಯಿದೆ ಎಂದು ಕಾನೂನಿನಲ್ಲಿ ಬರೆದ ಹಿರಿಮೆ ಕರ್ನಾಟಕಕ್ಕೂ ಇದೆ. 2011ರ ಕಾಯ್ದೆಯಡಿ 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ ‘ಸಕಾಲ’ ಯೋಜನೆ ಪ್ರತಿ ಸೇವೆಗೂ ಗಡುವು ಗೊತ್ತುಮಾಡಿತು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರವನ್ನು ಅರ್ಜಿದಾರ ಕೇಳಬಹುದು. ಮೊತ್ತ ಸಣ್ಣದು. ಆದರೆ ‘ನಾಳೆ ಬನ್ನಿ’ ಎಂಬ ಮಾತಿಗೆ ಅದು ದಂಡ ಹಾಕಿತು. ದಿನಗೂಲಿಯವನಿಗೆ ಒಂದು ‘ನಾಳೆ ಬನ್ನಿ’ ಎಂದರೆ ಒಂದು ದಿನದ ಕೂಲಿ, ಬಸ್ ಚಾರ್ಜು, ಮನೆಯ ಒಂದು ಹೊತ್ತಿನ ಊಟ. ಬಡವರ ಸಮಯಕ್ಕೆ ಬೆಲೆಯಿಲ್ಲವೆಂದು ನಂಬಿದ ಆಡಳಿತ ಮಾತ್ರ ಅದನ್ನು ಸಲೀಸಾಗಿ ಹೇಳಬಲ್ಲದು.

ಅಂಗೈಯ ಪರದೆ

ಇಷ್ಟೆಲ್ಲ ಕಳೆದು ಉಳಿದ ಚೂರು ಹೊತ್ತಿಗೂ ಈಗ ಗಿರಾಕಿಗಳಿದ್ದಾರೆ. ಮಾಹಿತಿ ಹೇರಳವಾದಲ್ಲಿ ಮನುಷ್ಯರ ಗಮನಕ್ಕೆ ಬರ ಬೀಳುತ್ತದೆ ಎಂದು ಹರ್ಬರ್ಟ್ ಸೈಮನ್ 1971ರಲ್ಲೇ ಎಚ್ಚರಿಸಿದ್ದರು. 2006ರಲ್ಲಿ ಅಜಾ ರಾಸ್ಕಿನ್ ಎಂಬ ವಿನ್ಯಾಸಕಾರ, ಪುಟದ ಕೊನೆಯೇ ಬಾರದಂತೆ ಹೊಸ ವಿಷಯ ತಾನಾಗಿ ಇಳಿದು ಬರುವ ವಿಧಾನವನ್ನು ರೂಪಿಸಿದರು. ಮುಂದೆ ಅದಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ಪುಸ್ತಕದ ಅಧ್ಯಾಯಕ್ಕೆ ಕೊನೆಯಿದೆ, ಯಕ್ಷಗಾನಕ್ಕೆ ಮಂಗಳವಿದೆ. ರೀಲ್ಸಿಗೆ ಮಂಗಳವಿಲ್ಲ. 2016ರ ಸೆಪ್ಟೆಂಬರಿನ ಜಿಯೊ ನಂತರ ಭಾರತದಲ್ಲಿ ಡೇಟಾ ಅಗ್ಗವಾಯಿತು. ದಿನಕ್ಕೆ ಎರಡು ಗಂಟೆಯನ್ನು ಹೀಗೆ ಕೊಟ್ಟರೆ ವರ್ಷಕ್ಕೆ 730 ಗಂಟೆ; ಹಗಲು ರಾತ್ರಿ ಸೇರಿ ಪೂರ್ತಿ ಮೂವತ್ತು ದಿನ. ಇದನ್ನು ನೋಡುಗರ ಚಟವೆಂದು ಬೈದು ಮುಗಿಸಲಾಗದು. ನಮ್ಮ ಬೆರಳು ನಿಲ್ಲದಂತೆ ಮಾಡುವುದೇ ಉದ್ಯೋಗವಾಗಿರುವ ನಿಪುಣರು ಪರದೆಯ ಆಚೆ ಕುಳಿತಿದ್ದಾರೆ. ಅದು ಗೊತ್ತಿದ್ದರೆ ಫೋನನ್ನು ಇನ್ನೊಂದು ಕೋಣೆಯಲ್ಲಿಡುವ ಸಣ್ಣ ಉಪಾಯವೂ ಸಣ್ಣದೆನಿಸುವುದಿಲ್ಲ.

ಬಿಡುವು ಎಷ್ಟಿದ್ದರೆ ಸಾಕು?

ಹಾಗಾದರೆ ಬಿಡುವು ಹೆಚ್ಚಿದಷ್ಟೂ ಸುಖವೇ? ಅಮೆರಿಕದ ಸಾವಿರಾರು ಜನರ ದಿನಚರಿಯನ್ನು ಆಧರಿಸಿ 2021ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಹಾಗೆ ಹೇಳುವುದಿಲ್ಲ. ದಿನಕ್ಕೆ ಎರಡು ಗಂಟೆಗಿಂತ ಕಡಿಮೆ ಬಿಡುವಿದ್ದರೆ ನೆಮ್ಮದಿ ಕುಗ್ಗುತ್ತದೆ. ಐದು ಗಂಟೆ ಮೀರಿದರೂ ಕುಗ್ಗುತ್ತದೆ. ಆದರೆ ಆ ಹೆಚ್ಚಿನ ಬಿಡುವು ಇತರರ ಒಡನಾಟಕ್ಕೆ ಅಥವಾ ಅರ್ಥವುಳ್ಳ ಕೆಲಸಕ್ಕೆ ಹೋದರೆ ನೆಮ್ಮದಿ ಅಷ್ಟಾಗಿ ಇಳಿಯುವುದಿಲ್ಲ.

ಇದಕ್ಕೂ ಬಹಳ ಮೊದಲು, 1930ರ ದಶಕದ ಆರಂಭದಲ್ಲಿ, ಆಸ್ಟ್ರಿಯಾದ ಮರಿಯೆಂತಾಲ್ ಎಂಬ ಊರು ಇದನ್ನೇ ನೋವಿನಿಂದ ತೋರಿಸಿತ್ತು. ಅಲ್ಲಿನ ನೂಲಿನ ಕಾರ್ಖಾನೆ ಮುಚ್ಚಿ ಇಡೀ ಊರು ನಿರುದ್ಯೋಗಕ್ಕೆ ಬಿತ್ತು. ಮಾರಿ ಯಹೋಡ ಮತ್ತು ಸಂಗಡಿಗರು ಅಲ್ಲಿ ಅಧ್ಯಯನ ನಡೆಸಿದಾಗ ಕಂಡದ್ದು: ಹೊತ್ತು ರಾಶಿ ಬಿದ್ದಿದ್ದರೂ, ಶುಲ್ಕವನ್ನು ತೆಗೆದಿದ್ದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಅರ್ಧದಷ್ಟು ಇಳಿದಿತ್ತು, ಗಂಡಸರ ನಡಿಗೆಯೇ ನಿಧಾನವಾಗಿತ್ತು, ದಿನ ಹೇಗೆ ಕಳೆಯಿತೆಂದು ಕೇಳಿದರೆ ಹೇಳಲು ಏನೂ ಇರಲಿಲ್ಲ. ಘನತೆಯ ಕೆಲಸ ಕಿತ್ತುಕೊಂಡು ಕೊಟ್ಟ ಬಿಡುವು ಬಿಡುವಲ್ಲ. ಕೆಲಸ ಹುಡುಕುತ್ತ, ನೇಮಕಾತಿಯ ಪರೀಕ್ಷೆಗಳಿಗೆ ಕಾಯುತ್ತ ವರ್ಷಗಳನ್ನು ಸವೆಸುತ್ತಿರುವ ನಮ್ಮ ಯುವಕರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ದುಡ್ಡು ಕೊಟ್ಟು ಸಮಯ ಕೊಳ್ಳುವವರು ಹಾಗೆ ಕೊಳ್ಳದವರಿಗಿಂತ ತೃಪ್ತರಾಗಿರುತ್ತಾರೆ ಎಂದು ಆಶ್ಲಿ ವಿಲನ್ಸ್ ಮತ್ತಿತರರು 2017ರಲ್ಲಿ ತೋರಿಸಿದರು. ಅಮೆರಿಕ, ಕೆನಡಾ, ಡೆನ್ಮಾರ್ಕ್, ನೆದರ್‌ಲೆಂಡ್ಸ್‌ಗಳ 6,000ಕ್ಕೂ ಹೆಚ್ಚು ಜನರನ್ನು ಕೇಳಿ ಬಂದ ತೀರ್ಮಾನ ಅದು. ನಮ್ಮಲ್ಲಿ ಸಮಯ ಕೊಳ್ಳುವುದೆಂದರೆ ಬಹುಪಾಲು ಇನ್ನೊಬ್ಬ ಹೆಂಗಸನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು. ಅವಳು ತನ್ನ ಮಗುವನ್ನು ಬಿಟ್ಟು ಬಂದು ನಮ್ಮ ಪಾತ್ರೆ ತೊಳೆಯುತ್ತಾಳೆ. ವಾರದ ರಜೆ, ಸರಿಯಾದ ಸಂಬಳ, ಸಮಯಕ್ಕೆ ಮನೆಗೆ ಬಿಡುವ ಮರ್ಯಾದೆ ಅಲ್ಲಿಲ್ಲದಿದ್ದರೆ, ಅದು ಕೊಂಡ ಸಮಯವಲ್ಲ, ಕಸಿದುಕೊಂಡದ್ದು.

ಮುಖ್ಯವಾದದ್ದು ಯಾವುದು?

ಕೊನೆಗೂ ಹೊತ್ತನ್ನು ಯಾವುದಕ್ಕೆ ಕೊಡಬೇಕು? 1938ರಲ್ಲಿ ಆರಂಭವಾಗಿ ಇಂದಿಗೂ ನಡೆಯುತ್ತಿರುವ ಹಾರ್ವರ್ಡ್ ಅಧ್ಯಯನವೊಂದು 724 ಪುರುಷರನ್ನು, ಮುಂದೆ ಅವರ ಕುಟುಂಬಗಳನ್ನು, ಯೌವನದಿಂದ ಮುಪ್ಪಿನವರೆಗೆ ಹಿಂಬಾಲಿಸಿದೆ. ಆರೋಗ್ಯಕ್ಕೂ ನೆಮ್ಮದಿಗೂ ಎಲ್ಲಕ್ಕಿಂತ ಹತ್ತಿರವಾಗಿ ಕಂಡದ್ದು ಆತ್ಮೀಯ ಸಂಬಂಧಗಳು. ಸ್ಟ್ಯಾನ್‌ಫರ್ಡಿನ ಲಾರಾ ಕಾರ್ಸ್ಟೆನ್ಸನ್ ಅವರ ಸಂಶೋಧನೆ ಇದಕ್ಕೆ ಪೂರಕವಾಗಿದೆ: ಉಳಿದ ಕಾಲ ಸ್ವಲ್ಪವೆಂದು ಮನಗಂಡವರು ಪರಿಚಯ ಹೆಚ್ಚಿಸಿಕೊಳ್ಳುವುದನ್ನು ಬಿಟ್ಟು ಹತ್ತಿರದವರತ್ತ ತಿರುಗುತ್ತಾರೆ. ಸಾವಿನ ಸಮೀಪ ಬಂದಾಗ ಬರುವ ಈ ವಿವೇಕಕ್ಕಾಗಿ ಮುಪ್ಪಿನವರೆಗೆ ಕಾಯಬೇಕಾಗಿಲ್ಲ.

ಸಂಬಂಧದ ಜೊತೆಗೆ ಮನಸ್ಸು ಒಪ್ಪಿದ ಒಂದು ಕೆಲಸ ಬೇಕು. 1853ರಲ್ಲಿ ಇಲ್ಲಿಗೆ ಬಂದ ಕಿಟ್ಟೆಲ್ ತಮ್ಮ ಬಾಳಿನ ಬಹುಭಾಗವನ್ನು ಕನ್ನಡಕ್ಕೆ ಕೊಟ್ಟು, 1894ರಲ್ಲಿ ಸುಮಾರು 70,000 ಪದಗಳ ನಿಘಂಟನ್ನು ನಮ್ಮ ಕೈಗಿಟ್ಟರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ದಶಕಗಟ್ಟಲೆಯ ದುಡಿಮೆಯಿಂದ 1995ರಲ್ಲಿ ಮುಗಿಯಿತು. ಅದರ ಪ್ರಧಾನ ಸಂಪಾದಕರಾಗಿದ್ದ ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಅಂಕಣ ಆರಂಭಿಸಿದಾಗ ಎಪ್ಪತ್ತೈದು ದಾಟಿದ್ದರು. 107 ವರ್ಷ ಬದುಕಿ 2021ರಲ್ಲಿ ತೀರಿಕೊಂಡರು. ಒಂದು ಪದದ ಅರ್ಥಕ್ಕಾಗಿ ದಿನಗಳನ್ನು ಕಳೆದ ಇವರನ್ನು ವೇಗದ ಅಳತೆಯಿಂದ ಅಳೆದರೆ ಸೋತವರಂತೆ ಕಾಣುತ್ತಾರೆ. ನಾವು ಬಳಸುತ್ತಿರುವುದು ಮಾತ್ರ ಅವರು ಉಳಿಸಿಕೊಟ್ಟ ಮಾತುಗಳನ್ನು.

ಈ ಎಲ್ಲ ಉತ್ತರಗಳನ್ನು ಸೇರಿಸಿದರೆ ಸೆನೆಕ ಹೇಳಿದ ಎಚ್ಚರ, ಹೊಲ ಕಲಿಸಿದ ಹದ, ಲಕ್ಕಮ್ಮ ಹೇಳಿದ ‘ಸಾಕು’ ಮೂರೂ ಒಂದೆಡೆ ಕೂಡುತ್ತವೆ. ಮಗುವಿನ ಐದನೆಯ ವರ್ಷಕ್ಕೆ ಒಂದು ಹದವಿದೆ, ತಾಯಿಯ ಎಂಬತ್ತನೆಯ ವರ್ಷಕ್ಕೂ ಒಂದು ಹದವಿದೆ. ನಿವೃತ್ತಿಯ ನಂತರ ಎಷ್ಟೇ ಪುರುಸೊತ್ತು ಸಿಕ್ಕರೂ ಆ ಬಿತ್ತನೆಗೆ ಹಿಂದಿರುಗಲಾಗದು.

ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ ಎರಡೇ. ಈ ವಾರದ ಒಂದು ದಿನ, ಸಮೀಕ್ಷೆಯವರು ಕೇಳುವ ಹಾಗೆ, ನಿಮ್ಮ ಇಪ್ಪತ್ತನಾಲ್ಕು ಗಂಟೆಯನ್ನು ಅರ್ಧರ್ಧ ಗಂಟೆಯಂತೆ ಬರೆದುಕೊಳ್ಳಿ. ಪಕ್ಕದಲ್ಲೇ ನಿಮ್ಮ ಮನೆಯಲ್ಲಿ ಅತಿ ಹೆಚ್ಚು ದುಡಿಯುವವರ ಇಪ್ಪತ್ತನಾಲ್ಕು ಗಂಟೆಯನ್ನೂ ಅವರನ್ನೇ ಕೇಳಿ ಬರೆಯಿರಿ. ಎರಡು ಪಟ್ಟಿಗಳನ್ನು ಒಟ್ಟಿಗೆ ಕೂತು ಓದಿ, ಅವರಿಗೆ ದಿನಕ್ಕೆ ಒಂದು ಗಂಟೆಯನ್ನಾದರೂ ಮರಳಿ ಕೊಡುವ ದಾರಿ ಹುಡುಕಿ.